ಘಟ್ಟ ಇಳಿದು ಬಂದ ಹೆಸರು

ಪುಸ್ತಕ ಒಂದೇ. ಹೆಸರು ಎರಡು. ಎರಡು ಹೆಸರುಗಳ ನಡುವೆ 217 ವರ್ಷ!

1640ರಲ್ಲಿ ಗೋವಾದ ರಾಶೋಲಿನ ಜೆಸ್ವಿಟ್ ಅಚ್ಚುಕೂಟದಿಂದ ಒಂದು ವ್ಯಾಕರಣ ಹೊರಬಿತ್ತು. ಬರೆದವನು ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿ. 1579ರಲ್ಲಿ ಗೋವಾಕ್ಕೆ ಬಂದವನು 1619ರಲ್ಲಿ ಇಲ್ಲಿಯೇ ಮಣ್ಣಾದ. ಅವನು ಬಿಟ್ಟುಹೋದ ಬರಹವನ್ನು ದಿಯೋಗೊ ರಿಬೇರೊ ಎಂಬ ಇನ್ನೊಬ್ಬ ಪಾದ್ರಿ ತಿದ್ದಿ, ಬೆಳೆಸಿದ. ಅದು ಬೆಳಕು ಕಾಣುವ ಹೊತ್ತಿಗೆ ಸ್ಟೀಫನ್ಸ್ ಸತ್ತು 21 ವರ್ಷ. ಕೊಂಕಣಿಗೆ ಅಚ್ಚಾದ ಮೊದಲ ವ್ಯಾಕರಣ ಅದು. ಒಳಗೆ ಇರುವುದು ಕೊಂಕಣಿಯ ನಾಮಪದ, ಕೊಂಕಣಿಯ ಕ್ರಿಯಾಪದ, ಕೊಂಕಣಿಯ ವಿಭಕ್ತಿ. ಆದರೆ ಮುಖಪುಟ ತೆರೆದರೆ ಕಾಣುವುದೇನು? ‘ಆರ್ತೆ ದ ಲಿಂಗೋವಾ ಕನಾರಿಂ’. ಕನಾರಿಂ ಭಾಷೆಯ ವ್ಯಾಕರಣ.

ಕನಾರಿಂ ಅಂದರೆ? ನಾಲಗೆಯ ಮೇಲೆ ಒಮ್ಮೆ ಹೊರಳಿಸಿ ನೋಡಿ. ಕನಾರಿಂ, ಕನಾರಾ, ಕೆನರಾ, ಕಾನಡಾ, ಕನ್ನಡ.

ಹೌದು. ನಮ್ಮದೇ ಹೆಸರು. ಕೊಂಕಣಿ ವ್ಯಾಕರಣದ ಹಣೆಯ ಮೇಲೆ ಕನ್ನಡದ ಹೆಸರು!

ಅದೇ ಪುಸ್ತಕವನ್ನು 1857ರಲ್ಲಿ ಕುನ್ಯಾ ರಿವಾರಾ ಎಂಬ ಪೋರ್ಚುಗೀಸ್ ವಿದ್ವಾಂಸ ಗೋವಾದಲ್ಲಿ ಮತ್ತೆ ಅಚ್ಚು ಹಾಕಿಸಿದ. ಗೋವಾದ ಗವರ್ನರ್ ಜನರಲ್ಲನ ಕಾರ್ಯದರ್ಶಿಯಾಗಿ ಬಂದು, ಊರಿನ ಭಾಷೆಯ ಮೇಲೆ ಜೀವ ಇಟ್ಟುಕೊಂಡ ಅಪರೂಪದ ಅಧಿಕಾರಿ. ಅವನ ಮುದ್ರಣದ ಮುಖಪುಟದಲ್ಲಿ ‘ಕನಾರಿಂ’ ಮಾಯ. ಅದರ ಜಾಗದಲ್ಲಿ ‘ಕೊಂಕಣಿ’ ಬಂದು ಕುಳಿತಿದೆ. ಮರುವರ್ಷವೇ ಅವನು ಕೊಂಕಣಿ ಭಾಷೆಯ ಚರಿತ್ರೆಯ ಮೇಲೆ ಒಂದು ಪ್ರಬಂಧವನ್ನೂ ಪ್ರಕಟಿಸಿದ. ಎರಡು ಶತಮಾನಕ್ಕೂ ಮಿಕ್ಕಿ ಒಂದು ಇಡೀ ಸಮಾಜದ ಮೇಲೆ ಅಂಟಿಕೊಂಡಿದ್ದ ಹೆಸರನ್ನು ಒಂದು ಮುಖಪುಟದಿಂದ ಕಿತ್ತು ಹಾಕಿದ ಮನುಷ್ಯ ಅವನು.

ಈ ಹೆಸರಿನ ಹಿಂದೆ ಬಿದ್ದವರಿಗೆ ನಿದ್ದೆ ಬರುವುದಿಲ್ಲ. ಯಾಕೆಂದರೆ ಇದು ಬರೀ ಭಾಷೆಯ ಹೆಸರಲ್ಲ. ಪೋರ್ಚುಗೀಸರ ಆಡಳಿತದ ಕಾಗದಪತ್ರಗಳಲ್ಲಿ ‘ಕನಾರಿಂ’ ಎಂದರೆ ಗೋವಾದ ಮೂಲನಿವಾಸಿ ಪ್ರಜೆ. ಬಹುವಚನದಲ್ಲಿ ‘ಕನಾರಿನ್ಸ್’. ಯಾರು ಆಳುವವರು, ಯಾರು ಆಳಿಸಿಕೊಳ್ಳುವವರು ಎಂದು ಗೆರೆ ಎಳೆಯುವ ರಾಜಕೀಯದ ಪದ. ಗೋವಾದವರನ್ನು ಗೋವಾದ ದೊರೆಗಳು ಶತಮಾನಗಟ್ಟಲೆ ಕರೆದದ್ದು, ಹೆಚ್ಚುಕಡಿಮೆ, ‘ಕನ್ನಡದವರು’ ಎಂದು!

ಇದನ್ನು ಸಡಾದಲ್ಲಿ ನಿಂತು ಯೋಚಿಸಿದರೆ ತಲೆ ಗಿರ್ರನೆ ತಿರುಗುತ್ತದೆ. ವಾಸ್ಕೋ ಪಟ್ಟಣದ ಪಶ್ಚಿಮಕ್ಕೆ, ಮುರಗಾಂವ್ ಬಂದರಿನ ನೆತ್ತಿಯ ಮೇಲೆ ಇರುವ ಊರು ಸಡಾ. ಆ ಹೆಸರೂ ಕೊಂಕಣದ್ದೇ. ಗುಡ್ಡದ ತಲೆಯ ಮೇಲೆ ಚಪ್ಪಟೆಯಾಗಿ ಹರಡಿದ ಕೆಂಪು ಮುರಕಲ್ಲಿನ ಬಯಲಿಗೆ ಅಲ್ಲಿಯವರು ಸಡಾ ಅನ್ನುತ್ತಾರೆ. ಕೆಳಗೆ ಹಡಗು, ಮೇಲೆ ಬಂದರಿನ ನೌಕರರ ಕ್ವಾರ್ಟರ್ಸು, ಓಣಿ ಓಣಿಯಲ್ಲಿ ನಮ್ಮ ಮಾತು. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ ಕಡೆಯಿಂದ ಬಂದು ಇಲ್ಲಿ ಅದಿರು ಎತ್ತಿದವರು, ಮೂಟೆ ಹೊತ್ತವರು, ಗಾರೆ ಕಲಸಿದವರು, ಅವರ ಮಕ್ಕಳು, ಮೊಮ್ಮಕ್ಕಳು. ಇವರಿಗೆ ಗೋವಾದಲ್ಲಿ ಒಂದು ಹೆಸರಿದೆ: ಘಾಂಟಿ. ಘಟ್ಟದ ಮೇಲಿನಿಂದ ಇಳಿದು ಬಂದವರು. ಪ್ರೀತಿಯಿಂದ ಯಾರೂ ಆ ಹೆಸರು ಹಿಡಿದು ಕೂಗುವುದಿಲ್ಲ. ಚುನಾವಣೆ ಬಂದಾಗ ‘ಭಾಯ್ಲೆ’, ಅಂದರೆ ಹೊರಗಿನವರು, ಎಂಬ ಮಾತಿನ ಜೊತೆ ಜೋಡಿಯಾಗಿ ಅದು ಬೀದಿಗೆ ಬರುತ್ತದೆ.

ಸಡಾದ ಚಹಾದಂಗಡಿಯ ಮುಂದೆ ಕೂತಿದ್ದ ಹಿರಿಯರೊಬ್ಬರು ನನಗೆ ಹೇಳಿದ್ದು ಇಷ್ಟೇ: “ಇಲ್ಲಿ ನಮಗ ಘಾಂಟಿ ಅಂತಾರ್ರೀ. ಊರಿಗೆ ಜಾತ್ರಿಗೆ ಹೋದ್ರ ‘ಗೋವಾದವ್ರು ಬಂದ್ರು’ ಅಂತಾರ. ಎಲ್ಲಿಯೂ ನಮ್ಮ ಹೆಸರು ನಮ್ಮ ಕೈಯಾಗಿಲ್ಲ ನೋಡ್ರಿ.”

ಅವರಿಗೆ ‘ಕನಾರಿಂ’ ಕತೆ ಹೇಳಿದೆ. ನಿಮಗೆ ಘಾಂಟಿ ಅನ್ನುವವರ ಅಜ್ಜಂದಿರ ಅಜ್ಜಂದಿರಿಗೆ ಫಿರಂಗಿಗಳು ಕನ್ನಡದವರು ಅನ್ನುತ್ತಿದ್ದರು ಅಂದೆ. ಅವರು ಬಸಿಯಲ್ಲಿದ್ದ ಚಹಾ ಕೆಳಗಿಟ್ಟು, “ಖರೇನ?” ಅಂದರು.

ಖರೆ. ಬನ್ನಿ, ಸಾಕ್ಷಿ ನೋಡೋಣ.

ಮೊದಲ ಸಾಕ್ಷಿ ಪುಸ್ತಕದಲ್ಲಿಲ್ಲ, ರೈಲ್ವೆ ನಿಲ್ದಾಣದಲ್ಲಿದೆ. ಕೊಂಕಣ ರೈಲಿನಲ್ಲಿ ಹೋದವರೆಲ್ಲ ಕಂಡಿರುತ್ತಾರೆ. ನಿಲ್ದಾಣದ ಫಲಕ ‘ಮಡಗಾಂವ್’ ಅನ್ನುತ್ತದೆ. ಹೊರಗೆ ಬಂದು ಊರೊಳಗಿನ ಹಳೆಯ ಫಲಕ ನೋಡಿದರೆ ‘ಮಾರ್ಗಾಂವ್’. ಊರು ಒಂದೇ. ‘ಡ’ ಇದ್ದಲ್ಲಿ ‘ರ’ ಬಂತು, ಅಷ್ಟೇ. ಪೋರ್ಚುಗೀಸರ ನಾಲಗೆಗೆ ನಮ್ಮ ‘ಡ’ ದಕ್ಕಲಿಲ್ಲ. ನಾಲಗೆಯನ್ನು ಮೇಲಕ್ಕೆ ಮಡಚಿ ಹೊಡೆಯುವ ಆ ಸದ್ದು ಅವರ ಕಿವಿಗೆ ‘ರ’ ಎಂದೇ ಬಿತ್ತು. ಉತ್ತರದ ಪೆಡ್ಣೆ ಅವರ ಬಾಯಲ್ಲಿ ಪೆರ್ನೆಂ ಆಯಿತು. ಮಾಂಡವಿ ನದಿಯ ನಡುಗಡ್ಡೆ ಚೋಡಣ ಶೊರಾಂವ್ ಆಯಿತು. ಹಾಗಿದ್ದ ಮೇಲೆ ಕನ್ನಡಕ್ಕೆ, ಕೊಂಕಣಿ ಮರಾಠಿಗಳವರು ‘ಕಾನಡಾ’ ‘ಕಾನಡಿ’ ಅನ್ನುತ್ತಿದ್ದ ಹೆಸರಿಗೆ, ಏನು ಗತಿ ಬರಬೇಕೋ ಅದೇ ಬಂತು. ಕನಾರಾ!

ಕೊನೆಯ ‘ಇಂ’ ಎಲ್ಲಿಂದ ಬಂತು? ಇಲ್ಲಿ ಇನ್ನೊಂದು ಬೆರಗು ಕಾದಿದೆ. ಪೋರ್ಚುಗೀಸರಿಗೆ ಪೂರ್ವದೇಶದ ‘ಇ’ಕಾರಾಂತ ಪದಗಳಿಗೆಲ್ಲ ಮೂಗಿನಲ್ಲಿ ಒಂದು ಬಾಲ ಎಳೆಯುವ ಚಟ. ನಮ್ಮ ಪಲ್ಲಕ್ಕಿಯ ಬಳಗದ ಮಾತು ಅವರಲ್ಲಿ ‘ಪಲಂಕಿಂ’ ಆಯಿತು. ಲಷ್ಕರಿ ಸಿಪಾಯಿ ‘ಲಸ್ಕರಿಂ’ ಆದ. ಎಲ್ಲಕ್ಕಿಂತ ಸೊಗಸು ಇದು: ಸಂಸ್ಕೃತದ ಮಂತ್ರಿ ಮಲಯ ದೇಶಕ್ಕೆ ಹಡಗೇರಿ ‘ಮೆಂತೆರಿ’ ಆಗಿ, ಅಲ್ಲಿ ಪೋರ್ಚುಗೀಸರ ಕೈಗೆ ಸಿಕ್ಕಿ ‘ಮಂದಾರಿಂ’ ಆಗಿ, ಅದನ್ನು ಅವರು ಚೀನಾದ ಅಧಿಕಾರಿಗಳ ತಲೆಗೆ ಕಟ್ಟಿದರು. ಇವತ್ತು ಕೋಟಿಗಟ್ಟಲೆ ಚೀನೀಯರು ಆಡುವ ಭಾಷೆಯನ್ನು ಜಗತ್ತು ಮ್ಯಾಂಡರಿನ್ ಎಂದು ಕರೆಯುತ್ತದೆ. ಅದರೊಳಗೆ ಕೂತಿರುವುದು ವಿಧಾನಸೌಧದಲ್ಲಿ ದಿನಾ ಕೇಳುವ ಮಂತ್ರಿ! ಮಂತ್ರಿ ಮಂದಾರಿಂ ಆಗುವುದಾದರೆ ಕಾನಡಿ ಕನಾರಿಂ ಆಗುವುದರಲ್ಲಿ ಸೋಜಿಗವೇನು?

ಸೋಜಿಗ ಇರುವುದು ಬೇರೆ ಕಡೆ. ಹೆಸರು ಕನ್ನಡದ್ದು, ಸರಿ. ಅದು ಕೊಂಕಣಿಗರ ಮೇಲೆ ಹೋಗಿ ಕೂತದ್ದು ಹೇಗೆ?

ತಪ್ಪು ಎಂದು ಪೋರ್ಚುಗೀಸರಿಗೇ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇದೇ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಸಂಗತಿ. ಜುವಾಂವ್ ದ ಬಾರೂಸ್ ಅವರ ದೊಡ್ಡ ಇತಿಹಾಸಕಾರ. ಲಿಸ್ಬನ್ನಿನಲ್ಲಿ ಭಾರತದ ವ್ಯಾಪಾರ ನೋಡಿಕೊಳ್ಳುತ್ತಿದ್ದ ಕಚೇರಿಯ ಅಧಿಕಾರಿ. ಭಾರತದ ಮಣ್ಣು ಮೆಟ್ಟಿದವನೇ ಅಲ್ಲ. ಆದರೂ 1552ರಲ್ಲಿ ಹೊರಬಂದ ತನ್ನ ಇತಿಹಾಸದ ಮೊದಲ ‘ದಶಕ’ದಲ್ಲಿ ಅವನು ಖಚಿತವಾಗಿ ಬರೆದಿಟ್ಟಿದ್ದಾನೆ: ಘಟ್ಟಕ್ಕೂ ಕಡಲಿಗೂ ನಡುವಿನ ಈ ಪಟ್ಟಿಯ ಹೆಸರು ಕೊಂಕಣ, ಇಲ್ಲಿಯ ಜನಕ್ಕೆ ಸರಿಯಾದ ಹೆಸರು ಕೊಂಕಣಿಗರು, ಆದರೆ ನಮ್ಮವರು ಇವರನ್ನು ಕನಾರಿಗಳು ಅನ್ನುತ್ತಾರೆ. ಗೋವಾ ಅವರ ಕೈಸೇರಿ ಆಗಿನ್ನೂ 42 ವರ್ಷ. ತಪ್ಪು ಹೆಸರು ಎಂದು ಅಚ್ಚಿನಲ್ಲಿ ಒಪ್ಪಿಕೊಂಡಾಗಿದೆ. ಆದರೂ ಅದೇ ಹೆಸರು ಇನ್ನೂ ಮುನ್ನೂರು ವರ್ಷ ನಡೆದಿದೆ! ಆಳುವವರಿಗೆ ಪಟ್ಟಿಯಲ್ಲಿ ಬರೆದುಕೊಳ್ಳಲು ಒಂದು ಹೆಸರು ಸಿಕ್ಕರೆ ಮುಗಿಯಿತು; ಅದು ಯಾರದೆಂದು ಕೇಳುವ ಉಸಾಬರಿ ಅವರಿಗೆ ಬೇಕಿರಲಿಲ್ಲ.

ಶುರುವಿನಲ್ಲಿ ಆ ಗೊಂದಲ ಹುಟ್ಟಿದ್ದು ಯಾಕೆ ಎಂಬುದಕ್ಕೆ ನನ್ನ ಊಹೆ ಹೀಗಿದೆ. 1510ರಲ್ಲಿ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಗೋವಾಕ್ಕೆ ನುಗ್ಗುವಾಗ ಅವನ ಬೆನ್ನಿಗೆ ನಿಂತು ದಾರಿ ತೋರಿಸಿದವನು ಹೊನ್ನಾವರದ ತಿಮ್ಮಯ್ಯ, ಅವರ ಬಾಯಲ್ಲಿ ತಿಮೋಜಾ. ಗೋವಾ ಕಸಿದುಕೊಂಡದ್ದು ವಿಜಯಪುರದ ಆದಿಲಶಾಹಿಯಿಂದ. ಅದಕ್ಕೂ ಹಿಂದೆ ಗೋವಾವನ್ನು ವಿಜಯನಗರದವರು ಆಳಿದ್ದರು. ಇನ್ನೂ ಹಿಂದೆ ಗೋವಾದ ಕದಂಬರು. ಕನ್ನಡದಲ್ಲಿ ಶಾಸನ ಹಾಕಿಸಿದ ಮನೆತನ. ಇಂದಿಗೂ ಗೋವಾದ ಸರ್ಕಾರಿ ಬಸ್ಸಿನ ಮೈಮೇಲೆ ಅವರ ಹೆಸರೇ ಓಡಾಡುತ್ತಿದೆ. ಹೀಗೆ ಹೊಸಬರ ಕಿವಿಗೆ ಮೊದಲು ಬಿದ್ದ ದೊಡ್ಡ ಹೆಸರು ಕನ್ನಡದ್ದು. ಅದೇ ಹೆಸರಿನ ದೊಡ್ಡ ಬುಟ್ಟಿಗೆ ಊರಿನವರನ್ನೆಲ್ಲ ತುಂಬಿದರು.

ಇನ್ನೊಂದು ಕಾರಣ ಬರವಣಿಗೆ. ಗೋವಾದ ಹಳೆಯ ಗ್ರಾಮಸಂಸ್ಥೆಗಳ ಕಾಗದಗಳಲ್ಲಿ ‘ಗೋಯ್‌ಕಾನಡಿ’ ಎಂಬ ಲಿಪಿ ಇದೆ. ಕಂದೇವಿ ಎಂದೂ ಅದಕ್ಕೆ ಹೆಸರು. ಹೆಸರಲ್ಲೇ ಎಲ್ಲ ಇದೆ: ಗೋವಾದ ಕನ್ನಡ! ಹಳೆಗಾಲದ ಕನ್ನಡ ಲಿಪಿಯ ಒಂದು ಕವಲು, ಆದರೆ ಬರೆದದ್ದು ಕೊಂಕಣಿ. ಆ ಲಿಪಿಯ ಹಳೆಯ ಕಾಗದಗಳಲ್ಲಿ ಒಂದು, ಪೋರ್ಚುಗಲ್ಲಿನ ದೊರೆಗೆ ಹಳ್ಳಿಯ ಗಾಂವಕಾರನೊಬ್ಬ ಸಲ್ಲಿಸಿದ ಅರ್ಜಿ. ಅವನ ಹೆಸರು ರವಳ ಶೆಟ್ಟಿ. ಕೆಳಗೆ ಅವನು ಹಾಕಿದ ಸಹಿ ನೋಡಿ: ‘ರವಳ ಶೆಟ್ಟಿ ಬರಹ’.

ಬರಹ! ಸಾಗರದಾಚೆಯ ದೊರೆಗೆ ಗೋವಾದ ಹಳ್ಳಿಗ ಹಾಕಿದ ಸಹಿಯಲ್ಲಿ ನಮ್ಮ ‘ಬರಹ’ ಕೂತಿದೆ. ನಮ್ಮ ಶಾಸನಗಳ ಕೊನೆಯಲ್ಲಿ, ನಮ್ಮ ಹಳೆಯ ಪತ್ರಗಳ ತಳದಲ್ಲಿ ‘ಇಂಥವನ ಬರಹ’ ಎಂದು ಹಾಕುವ ಅದೇ ರೂಢಿ. ಇದನ್ನು ಕಂಡ ಪೋರ್ಚುಗೀಸ್ ಗುಮಾಸ್ತ ಇವರನ್ನು ಕನಾರಿಂ ಎಂದು ಬರೆದುಕೊಂಡಿದ್ದರೆ ಅವನನ್ನು ಪೂರ್ತಿ ದೂರಲು ನನಗೆ ಮನಸ್ಸಾಗುವುದಿಲ್ಲ. (ಹಾಗೆಂದು ಗೋವಾ ನಮ್ಮದು ಎಂದು ಯಾರಾದರೂ ಮೀಸೆ ತಿರುವಿದರೆ ಅದು ಶುದ್ಧ ಹುಚ್ಚು. ಲಿಪಿ ಕನ್ನಡದ ಕುಲದ್ದಾದರೂ ಮಾತು ಕೊಂಕಣಿ; ಆ ಮಾತು ಯಾರ ಬಾಲವೂ ಅಲ್ಲ.)

ಈಗ ಹೆಸರಿನ ಪಯಣ ನೋಡಿ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು ಎಂಬ ಗಾದೆಯನ್ನು ಯಾರು ಕಟ್ಟಿದರೋ, ಈ ಪದಕ್ಕೆಂದೇ ಕಟ್ಟಿದಂತಿದೆ.

ಅದೇ 1552ರಲ್ಲಿ ಅಚ್ಚಾದ, ಕಸ್ತಾನ್ಯೇದ ಎಂಬ ಇನ್ನೊಬ್ಬ ಪೋರ್ಚುಗೀಸನ ಇತಿಹಾಸದಲ್ಲಿ ಕನಾರಾ ಎಂದರೆ ಒಳನಾಡಿನ ಸೀಮೆ. ಅಂದರೆ ಘಟ್ಟದ ಮೇಲಿನ ನಮ್ಮ ನಾಡು, ಸರಿಯಾಗಿಯೇ ಇದೆ. ಆದರೆ ಪೋರ್ಚುಗೀಸರ ಹಡಗು ಘಟ್ಟ ಹತ್ತಲಾರದು. ಅವರು ಕಂಡದ್ದು, ಕೋಟೆ ಕಟ್ಟಿದ್ದು ಹೊನ್ನಾವರ, ಬಸರೂರು, ಮಂಗಳೂರಿನ ದಡದಲ್ಲಿ. ಗೋವಾದ ಅನ್ನದ ಅಕ್ಕಿ ಬರುತ್ತಿದ್ದದ್ದೂ ಆ ಬಂದರುಗಳಿಂದಲೇ. ಆ ದಡವನ್ನು ಆಳುತ್ತಿದ್ದ ಕೆಳದಿಯ ನಾಯಕರನ್ನು ಅವರು ಕಾಗದಪತ್ರದಲ್ಲಿ ‘ಕನಾರಾದ ದೊರೆ’ ಎಂದು ಬರೆದರು. ಹೀಗೆ ಘಟ್ಟದ ಮೇಲೆ ಹುಟ್ಟಿದ ಹೆಸರು ಮೆಲ್ಲಗೆ ಘಟ್ಟ ಇಳಿಯಿತು. ಇಳಿದದ್ದು ಮತ್ತೆ ಹತ್ತಲಿಲ್ಲ! 1799ರಲ್ಲಿ ಟಿಪ್ಪು ಮಡಿದ ಮೇಲೆ ಆ ಕರಾವಳಿ ಇಂಗ್ಲಿಷರ ಕೈಗೆ ಬಂತು. ಅವರು ಅದನ್ನು ‘ಕೆನರಾ’ ಜಿಲ್ಲೆ ಎಂದು ಕರೆದು ಥಾಮಸ್ ಮನ್ರೋನನ್ನು ಕಲೆಕ್ಟರ್ ಮಾಡಿದರು. ಆಮೇಲೆ ಅದನ್ನು ಉತ್ತರ, ದಕ್ಷಿಣ ಎಂದು ಸೀಳಿ, 1862ರಲ್ಲಿ ಉತ್ತರದ ಹೋಳನ್ನು ಮುಂಬಯಿಗೆ ಸೇರಿಸಿದರು. ಸ್ವಾತಂತ್ರ್ಯ ಬಂತು, ಏಕೀಕರಣವಾಯಿತು, ನಾವು ಕೆನರಾವನ್ನು ತಿರುಗಿ ಕನ್ನಡ ಮಾಡಿದೆವು. ಉತ್ತರ ಕನ್ನಡ, ದಕ್ಷಿಣ ಕನ್ನಡ.

ಒಂದು ಕ್ಷಣ ನಿಲ್ಲಿ. ಕರ್ನಾಟಕದ ಅಷ್ಟೂ ಜಿಲ್ಲೆಗಳಲ್ಲಿ ‘ಕನ್ನಡ’ ಎಂಬ ಹೆಸರು ಹೊತ್ತಿರುವುದು ಇವೆರಡೇ. ಧಾರವಾಡಕ್ಕಿಲ್ಲ, ಮೈಸೂರಿಗಿಲ್ಲ, ಚಿತ್ರದುರ್ಗಕ್ಕಿಲ್ಲ. ಇರುವುದು ಮನೆಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಕೇಳಿಸುವ ಕಡಲ ದಡಕ್ಕೆ! ಶಾಲೆಯಲ್ಲಿ ಜಿಲ್ಲೆಗಳ ಹೆಸರು ಬಾಯಿಪಾಠ ಮಾಡುವಾಗ ಇದು ಯಾಕೆ ಹೀಗೆ ಎಂದು ನನಗಂತೂ ಯಾರೂ ಹೇಳಿಕೊಟ್ಟಿರಲಿಲ್ಲ. ಉತ್ತರ ಇದ್ದದ್ದು ಪೋರ್ಚುಗೀಸ್ ಹಡಗುಗಳ ದಾರಿಯಲ್ಲಿ. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಹೊರತಂದ ‘ಹಾಬ್ಸನ್-ಜಾಬ್ಸನ್’ ಎಂಬ ಪ್ರಸಿದ್ಧ ನಿಘಂಟು ಇದನ್ನು ಗುರುತಿಸಿತ್ತು: ಈ ಹೆಸರು ಕರಾವಳಿಗೆ ಮಾತ್ರ ಮೀಸಲಾದದ್ದು ಐರೋಪ್ಯರ ಕೈವಾಡ ಎಂದು.

ಅದೇ ಮೂಲದ ಇನ್ನೊಂದು ರೂಪ, ‘ಕರ್ನಾಟಿಕ್’, ಪೂರ್ವಕ್ಕೆ ಓಡಿತು. ಅದು ಆರ್ಕಾಟಿನ ನವಾಬನ ಸೀಮೆಯ ಹೆಸರಾಗಿ, ತಮಿಳು ನಾಡಿನ ಬಯಲಲ್ಲಿ ಇಂಗ್ಲಿಷರೂ ಫ್ರೆಂಚರೂ ಬಡಿದಾಡಿದ್ದು ‘ಕರ್ನಾಟಿಕ್ ಯುದ್ಧ’ ಎನಿಸಿಕೊಂಡಿತು. ಆ ಕತೆ ದೊಡ್ಡದು, ಇನ್ನೊಮ್ಮೆ ನೋಡೋಣ.

ಮಂಗಳೂರಿಗೆ ಮಾತ್ರ ಒಂದು ಗಳಿಗೆ ಹೋಗಿ ಬರಲೇಬೇಕು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಒಂದು ನಿಧಿ ತೆರೆದರು: ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’. ಅದೇ ಇಂದಿನ ಕೆನರಾ ಬ್ಯಾಂಕ್. ಪೈಗಳು ಗೌಡ ಸಾರಸ್ವತರು, ಮನೆಮಾತು ಕೊಂಕಣಿ. ಆ ಸಮುದಾಯದ ಹಿರಿಯರು ಗೋವಾ ಬಿಟ್ಟು ದಕ್ಷಿಣಕ್ಕೆ ಬಂದವರು. ಗೋವಾದಲ್ಲಿ ಉಳಿದವರಿಗೆ ಪರಂಗಿ ಬಲವಂತವಾಗಿ ಅಂಟಿಸಿದ ಹೆಸರನ್ನೇ ಗೋವಾ ಬಿಟ್ಟು ಬಂದವರ ಕುಲದವರು ಅಭಿಮಾನದಿಂದ ತಮ್ಮ ಬ್ಯಾಂಕಿನ ಬಾಗಿಲ ಮೇಲೆ ಬರೆಸಿಕೊಂಡರು. ವಾಸ್ಕೋದ ಕೆನರಾ ಬ್ಯಾಂಕಿನಲ್ಲಿ ಪಾಸ್‌ಬುಕ್ ಹಿಡಿದು ನಿಲ್ಲುವ ಸಡಾದ ಕೂಲಿಗೆ ತನ್ನ ಕೈಯಲ್ಲಿರುವ ಆ ಮೂರು ಅಕ್ಷರದ ಹೆಸರು ಈ ಊರಿನಲ್ಲಿ ಒಂದು ಕಾಲದಲ್ಲಿ ಏನೆಲ್ಲ ಆಗಿತ್ತು ಎಂದು ಹೇಗೆ ಗೊತ್ತಾಗಬೇಕು?

ಏನಾಗಿತ್ತು ಎಂದರೆ, ಬೈಗುಳವಾಗಿತ್ತು.

1583ರಿಂದ 1588ರವರೆಗೆ ಗೋವಾದ ಆರ್ಚ್‌ಬಿಷಪ್ಪನ ಬಳಿ ಕೆಲಸಕ್ಕಿದ್ದ ಡಚ್ಚಿನ ಲಿನ್‌ಸ್ಕೋಟೆನ್, 1596ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಕನಾರಿಂ ಮತ್ತು ಕುಣಬಿಗಳಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟ. ಉಳುವವರು, ಮೀನು ಹಿಡಿಯುವವರು, ದುಡಿಯುವ ಹಳ್ಳಿಗರು ಎಂದು ಅವರ ಬಣ್ಣನೆ. ಬರಬರುತ್ತ ಗೋವಾದ ಸಮಾಜದಲ್ಲಿ ಮೆಟ್ಟಿಲುಗಳು ಕಟ್ಟಿಕೊಂಡವು. ಪೋರ್ಚುಗಲ್ಲಿನಲ್ಲೇ ಹುಟ್ಟಿ ಬಂದವರು ಮೇಲೆ, ಗೋವಾದಲ್ಲಿ ಹುಟ್ಟಿದ ಪೋರ್ಚುಗೀಸ್ ಸಂತಾನದವರು ಅದರ ಕೆಳಗೆ, ಕನಾರಿನ್ಸ್ ಎಲ್ಲರ ಕೆಳಗೆ. ಮತ ಬದಲಾಯಿಸಿದರೂ, ಪೋರ್ಚುಗೀಸ್ ಕಲಿತರೂ, ಪಾದ್ರಿಯಾದರೂ ಕನಾರಿಂ ಕನಾರಿಂ ಆಗಿಯೇ ಉಳಿದ. ಮೊಜಾಂಬಿಕಿಗೆ ಹೋಗಿ ಜಾಂಬೆಜಿ ನದಿಯ ಕಣಿವೆಯಲ್ಲಿ ಭೂಮಿ ಕಾಣಿ ಮಾಡಿಕೊಂಡ ಗೋವಾದವರನ್ನೂ ಅಲ್ಲಿ ಅದೇ ಹೆಸರು ಹಿಂಬಾಲಿಸಿತು. ಆಫ್ರಿಕಾದ ನಡುವೆ ಕನ್ನಡದ ಹೆಸರು, ಕನ್ನಡದ ಒಂದು ಅಕ್ಷರ ಗೊತ್ತಿಲ್ಲದ ಜನದ ಬೆನ್ನ ಮೇಲೆ!

1761ರಲ್ಲಿ ಪೋರ್ಚುಗಲ್ಲಿನ ಮಂತ್ರಿ ಪೊಂಬಾಲನ ಆಡಳಿತ ಒಂದು ರಾಜಾಜ್ಞೆ ಹೊರಡಿಸಿತು: ಏಷ್ಯಾದ ಕ್ರೈಸ್ತ ಪ್ರಜೆಗಳು ಪೋರ್ಚುಗಲ್ಲಿನಲ್ಲಿ ಹುಟ್ಟಿದವರಿಗೆ ಸಮಾನರು, ಅವರನ್ನು ಕರಿಯರೆಂದೋ ಬೆರಕೆಯವರೆಂದೋ ಇನ್ನಾವುದೇ ಹೀನ ಹೆಸರಿನಿಂದಲೋ ಕರೆಯಕೂಡದು. ಕಾಗದದ ಮೇಲಿನ ಸಮಾನತೆ ಗೋವಾದ ಬೀದಿಗೆ ಇಳಿಯಲು ಒದ್ದಾಡಿತು. 1835ರಲ್ಲಿ ಬರ್ನಾರ್ದೊ ಪೆರೆಸ್ ದ ಸಿಲ್ವಾ ಎಂಬ ಗೋವನ್ ಮಗ ಗೋವಾದ ಆಡಳಿತದ ಗಾದಿ ಏರಿದ. ಪೋರ್ಚುಗೀಸ್ ಸಂತಾನದವರ ಸೇನೆ ದಂಗೆ ಎದ್ದು ಅವನನ್ನು ಮೂರು ವಾರವೂ ಕೂರಗೊಡಲಿಲ್ಲ. ಅದಾಗಿ 22 ವರ್ಷಕ್ಕೆ ಕುನ್ಯಾ ರಿವಾರಾ ಆ ಮುಖಪುಟ ಬದಲಿಸಿದ್ದು ಎಷ್ಟು ದೊಡ್ಡ ಮಾತು ಎಂದು ಈಗ ತಿಳಿಯುತ್ತದೆ.

ಸಡಾಕ್ಕೆ ಹತ್ತಿರದ ಸಂಗತಿ ಒಂದಿದೆ. 1684ರ ಜೂನ್‌ನಲ್ಲಿ ವೈಸರಾಯ್ ಕೌಂಟ್ ಆಫ್ ಆಲ್ವೋರ್, ಊರಿನ ಜನ ತಮ್ಮ ನುಡಿ ಬಿಟ್ಟು ಮೂರು ವರ್ಷದೊಳಗೆ ಪೋರ್ಚುಗೀಸ್ ಆಡತಕ್ಕದ್ದು ಎಂದು ಆಜ್ಞೆ ಮಾಡಿದ. ಸಂಭಾಜಿಯ ದಾಳಿಗೆ ಬೆದರಿ ರಾಜಧಾನಿಯನ್ನೇ ಮುರಗಾಂವ್ ಭೂಶಿರಕ್ಕೆ ಸಾಗಿಸಲು ಹೊರಟವನೂ ಇದೇ ಪುಣ್ಯಾತ್ಮ. ರಾಜಧಾನಿ ಬರಲಿಲ್ಲ, ನುಡಿಯೂ ಸಾಯಲಿಲ್ಲ. ಕೊಂಕಣಿ 1987ರ ಫೆಬ್ರವರಿಯಲ್ಲಿ ಗೋವಾದ ಅಧಿಕೃತ ಭಾಷೆಯಾಯಿತು, ಅದೇ ವರ್ಷ ಮೇ 30ಕ್ಕೆ ಗೋವಾ ರಾಜ್ಯವಾಯಿತು. ಅವನು ರಾಜಧಾನಿ ಕಟ್ಟಬೇಕೆಂದಿದ್ದ ಭೂಶಿರದ ನೆತ್ತಿಯ ಮೇಲೆ ಈಗ ಕೊಂಕಣಿಯೂ ಇದೆ, ಜೊತೆಗೆ ವಿಜಯಪುರದ ಕನ್ನಡವೂ ಇದೆ. ಅವನಿಗೆ ಇದನ್ನು ತೋರಿಸಬೇಕಿತ್ತು!

ಕಡೆಗೆ ‘ಘಾಂಟಿ’. ಸಂಸ್ಕೃತದ ಘಟ್ಟ ಎಂದರೆ ಮೊದಲು ನೀರಿಗೆ ಇಳಿಯುವ ಮೆಟ್ಟಿಲು, ಆಮೇಲೆ ಬೆಟ್ಟ ಇಳಿಯುವ ಕಣಿವೆದಾರಿ, ಆಮೇಲೆ ಬೆಟ್ಟವೇ. ಕರಾವಳಿಯ ಕನ್ನಡಿಗರೂ ಒಳನಾಡಿನ ಕನ್ನಡಿಗರನ್ನು ‘ಘಟ್ಟದ ಮೇಲಿನವರು’ ಅನ್ನುವುದಿಲ್ಲವೇ? ಮುಂಬಯಿಯಲ್ಲಿ ಅದೇ ಪದ ‘ಘಾಟಿ’ಯಾಗಿ ಬೀಳುವುದು ದಖ್ಖನ್ನಿನ ಮರಾಠಿಗರ ಮೇಲೆ. ಅದು ದಿಕ್ಕು ಹೇಳುವ ಪದ. ದಿಕ್ಕಿಗೆ ತಿರಸ್ಕಾರ ಬೆರೆತದ್ದು ಕೂಲಿಯವರು ಬಂದ ಮೇಲೆ.

ಈ ಎರಡು ಪದಗಳು, ಕನಾರಾ ಮತ್ತು ಘಾಟ್, ಒಂದೇ ಕಡೆ ಅಕ್ಕಪಕ್ಕ ಕಂಡದ್ದು ಎಲ್ಲಿ ಗೊತ್ತೇ? ಪೋರ್ಚುಗೀಸರ ಮಹಾಕಾವ್ಯದಲ್ಲಿ! 1553ರಲ್ಲಿ ಗೋವಾಕ್ಕೆ ಬಂದಿದ್ದ ಕವಿ ಕಮೋಯಿಂಶ್ 1572ರಲ್ಲಿ ‘ಲೂಸಿಯಾದಶ್’ ಪ್ರಕಟಿಸಿದ. ಅದರ ಏಳನೆಯ ಸರ್ಗದ 21ನೇ ಪದ್ಯದಲ್ಲಿ, ಮಲಬಾರಿಗೆ ಕೋಟೆಗೋಡೆಯಾಗಿ ನಿಂತು ಕನಾರಾದವರಿಂದ ಅದನ್ನು ಕಾಯುವ ಎತ್ತರದ ಬೆಟ್ಟಸಾಲಿನ ಮಾತು ಬರುತ್ತದೆ. 22ನೇ ಪದ್ಯದಲ್ಲಿ ಆ ಬೆಟ್ಟಕ್ಕೆ ನಾಡಿನವರು ‘ಗಾಟ್’ ಅನ್ನುತ್ತಾರೆ ಎಂಬ ಮಾತು. ಬೆಟ್ಟದ ಆಚೆ ಇರುವವರು ಕನಾರಾ, ಬೆಟ್ಟ ಘಟ್ಟ. ಕವಿಗೆ ಭೂಗೋಳ ಸರಿಯಾಗಿ ತಿಳಿದಿತ್ತು, ಗುಮಾಸ್ತರು ಕೆಡಿಸಿದರು. ಇವತ್ತು ಸಡಾದಲ್ಲಿ ತಿರುಗಾಡುವ ಜಗಳದ ಎರಡೂ ಪದಗಳು ಸುಮಾರು 450 ವರ್ಷದ ಹಿಂದೆ ಒಬ್ಬ ಫಿರಂಗಿ ಕವಿಯ ಒಂದೇ ಪುಟದಲ್ಲಿ!

ಇದೆಲ್ಲ ಕೇಳಿದ ಸಡಾದ ಆ ಹಿರಿಯರು, “ಹಂಗಾದ್ರ ಆ ಬರಹ ಓದಾಕ ಬರ್ತೈತೇನ್ರೀ ಈಗ ಯಾರಿಗರ?” ಎಂದು ಕೇಳಿದರು. ಸರಿಯಾದ ಪ್ರಶ್ನೆ. ಪಣಜಿಯಲ್ಲಿರುವ ಗೋವಾದ ಪತ್ರಾಗಾರ 1595ರಲ್ಲಿ ಇತಿಹಾಸಕಾರ ದಿಯೋಗೊ ದೊ ಕೂತೊ ಕಟ್ಟಲು ತೊಡಗಿದ ಸಂಗ್ರಹ. ಅಲ್ಲಿರುವ ಗೋಯ್‌ಕಾನಡಿಯ ಕಾಗದಗಳನ್ನು ಸರಾಗ ಓದಲು ಕೊಂಕಣಿ ಬಲ್ಲವರಿಗೆ ಲಿಪಿ ತಡೆಯುತ್ತದೆ, ಹಳೆಯ ಕನ್ನಡ ಲಿಪಿ ಬಲ್ಲವರಿಗೆ ಭಾಷೆ ತಡೆಯುತ್ತದೆ. ಕನ್ನಡ, ಕೊಂಕಣಿ ಎರಡೂ ಇರುವ ಊರುಗಳಲ್ಲಿ ಸಡಾ ಒಂದು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ. ಧಾರವಾಡದ ಕನ್ನಡ ಅಧ್ಯಯನ ಪೀಠಕ್ಕೂ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೂ ನನ್ನ ಕೋರಿಕೆ ಇಷ್ಟೇ: ಶಾಸನಲಿಪಿ ಓದಬಲ್ಲ ಒಬ್ಬ ಮೇಷ್ಟ್ರನ್ನು ವರ್ಷಕ್ಕೊಂದು ತಿಂಗಳು ವಾಸ್ಕೋಗೆ ಕಳಿಸಿ. ಹುಬ್ಬಳ್ಳಿಯಿಂದ ರೈಲಿದೆ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ನೇರ ಘಟ್ಟ ಇಳಿಯುತ್ತದೆ. ಕಲಿಯುವವರು ಸಡಾದಲ್ಲಿ ಸಿಗುತ್ತಾರೆ.